ಜಿಂಕೆ ಬೇಟೆಗೆ ಹಗುರ ಗುಂಡು ಸಾಕೇ? .243 ರೈಫಲ್‌ಗೆ 58, 80, 100 ಗ್ರೇನ್‌ಗಳಲ್ಲಿ ಯಾವುದು?

ನಿಶಾನೆ_ರಾಜಾಜಿನಗರ

ಎಲ್ಲರಿಗೂ ನಮಸ್ಕಾರ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದಾಗ .22 ರೈಫಲ್ ಹಿಡಿದವಳು ನಾನು. ಈಗಲೂ ಬೆಂಗಳೂರಿನ ಕ್ಲಬ್ಬೊಂದರಲ್ಲಿ ಬಿಡುವಾದಾಗ 50 ಮೀಟರ್ ಪ್ರೋನ್ (ಮಲಗಿ ಹೊಡೆಯುವ) ಅಭ್ಯಾಸ ಮಾಡುತ್ತೇನೆ. ಕಂಪನಿಯ ಕೆಲಸದ ಮೇಲೆ ಎರಡು ವರ್ಷದ ಮಟ್ಟಿಗೆ ಕೊಲೊರಾಡೊಗೆ ಹೊರಟಿದ್ದೇನೆ. ನನ್ನ ದೊಡ್ಡಮ್ಮನ ಮಗ ಅಲ್ಲಿಯೇ ನೆಲೆಸಿದ್ದು, ಪರವಾನಗಿ ಪಡೆದು ಪ್ರತಿ ಶರತ್ಕಾಲದಲ್ಲಿ ಮ್ಯೂಲ್ ಡೀರ್ ಎಂಬ ಅಲ್ಲಿನ ಜಿಂಕೆಯ ಬೇಟೆಗೆ ಹೋಗುತ್ತಾರೆ. ಈ ಸಲ ನನ್ನನ್ನೂ ಕರೆದಿದ್ದಾರೆ. ಅವರ ಮಗಳಿಗೆಂದು ಕೊಂಡಿದ್ದ .243 ವಿಂಚೆಸ್ಟರ್ ರೈಫಲ್ಲನ್ನು ನನಗೆ ಕೊಡುವುದಾಗಿ ಹೇಳಿದ್ದಾರೆ.

ನನ್ನ ಸಮಸ್ಯೆ ತೋಟೆಯದು. ಅಣ್ಣ ಮೂರು ಪೆಟ್ಟಿಗೆಗಳ ಚಿತ್ರ ಕಳಿಸಿದ್ದಾರೆ. ಒಂದರಲ್ಲಿ ಪ್ಲಾಸ್ಟಿಕ್ ಮೂತಿಯ 58 ಗ್ರೇನ್ (ಗ್ರೇನ್ ಎಂದರೆ ಗುಂಡಿನ ತೂಕದ ಅಳತೆ) ಗುಂಡು, ಇನ್ನೊಂದರಲ್ಲಿ ಪೂರ್ತಿ ತಾಮ್ರದ 80 ಗ್ರೇನ್, ಮೂರನೆಯದರಲ್ಲಿ ಮಾಮೂಲಿ ಸೀಸದ ಮೂತಿಯ 100 ಗ್ರೇನ್ ಸಾಫ್ಟ್ ಪಾಯಿಂಟ್ ಇದೆ. ಅಂಗಡಿಯವನು 58 ಗ್ರೇನ್ ಎಲ್ಲಕ್ಕಿಂತ ವೇಗದ್ದು, ಹೊಸಬರಿಗೆ ಹೇಳಿ ಮಾಡಿಸಿದ್ದು ಎಂದು ಒತ್ತಾಯಿಸಿ ಕೊಟ್ಟನಂತೆ. ಅಣ್ಣನ ಸ್ನೇಹಿತರೊಬ್ಬರು 100 ಗ್ರೇನ್‌ಗಿಂತ ಕಡಿಮೆಯದನ್ನು ಜಿಂಕೆಗೆ ಹೊಡೆಯುವುದೇ ಪಾಪ ಎನ್ನುತ್ತಾರೆ. ಅಣ್ಣನ ಒಲವು 80ರ ಕಡೆಗೆ. ಪ್ರಾಣಿ ನರಳದೆ ಬೇಗ ಸಾಯಬೇಕು ಎಂಬುದೊಂದೇ ನನ್ನ ಕಾಳಜಿ. ಬಲ್ಲವರು ತಿಳಿಸಿಕೊಡಬೇಕು.

ಕಾಡುಪಾಪ

ಬೆಂಗಳೂರಿನಲ್ಲಿ ಕುಳಿತು ಜಿಂಕೆ ಕೊಲ್ಲುವ ಗುಂಡಿನ ಚರ್ಚೆಯೇ? ಈ ವೇದಿಕೆಯಲ್ಲಿ ಇದಕ್ಕೆ ಅವಕಾಶ ಕೊಟ್ಟವರು ಯಾರು?

ನಿರ್ವಾಹಕ

ಕಾಡುಪಾಪ ಅವರೇ, ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ಅದರ ಬಗ್ಗೆ ಇಲ್ಲಿ ಯಾರೂ ಸಲಹೆ ಕೇಳುವಂತಿಲ್ಲ, ಕೊಡುವಂತಿಲ್ಲ. ಪ್ರಶ್ನೆ ಕೇಳಿರುವುದು ಪರವಾನಗಿಯಿಂದ ಬೇಟೆಯಾಡಲು ಕಾನೂನೇ ಅವಕಾಶ ಕೊಟ್ಟಿರುವ ನಾಡಿನ ಬಗ್ಗೆ. ಆದ್ದರಿಂದ ಎಳೆ ಮುಂದುವರಿಯಲಿ. ಬೇಟೆ ಸರಿಯೋ ತಪ್ಪೋ ಎಂಬ ವಾದಕ್ಕೆ ಬೇರೊಂದು ಎಳೆ ಈಗಾಗಲೇ ಇದೆ.

ಡೆನ್ವರ್_ದೋಸೆ

ಮೇಡಂ, ನಿಮ್ಮ ಮೂರು ಪೆಟ್ಟಿಗೆಗಳಲ್ಲಿ ಒಂದನ್ನು ಕೊಲೊರಾಡೊದ ಕಾನೂನೇ ತೆಗೆದುಹಾಕಿದೆ. ಇಲ್ಲಿ ಜಿಂಕೆಗೆ ಬಳಸುವ ರೈಫಲ್ಲಿನ ಬೋರು, ಅಂದರೆ ನಳಿಗೆಯ ಒಳವ್ಯಾಸ, ಕನಿಷ್ಠ .24 ಇಂಚು ಇರಬೇಕು, ಗುಂಡು ಹೊಕ್ಕ ಮೇಲೆ ಅರಳುವಂಥದ್ದಾಗಿರಬೇಕು, ಅದರ ತೂಕ 70 ಗ್ರೇನ್‌ಗಿಂತ ಕಡಿಮೆ ಇರಬಾರದು, ಮತ್ತು 100 ಗಜದ ದೂರದಲ್ಲಿ ಅದಕ್ಕೆ 1000 ಫುಟ್-ಪೌಂಡ್ ಶಕ್ತಿ ಉಳಿದಿರಬೇಕು. 58 ಗ್ರೇನ್ ಗುಂಡು ತೂಕದ ನಿಯಮದಲ್ಲೇ ಬಿದ್ದುಹೋಯಿತು. ಅಂಗಡಿಯವನು ಅದನ್ನು ಜಿಂಕೆಗೆಂದು ಮಾರಿದ್ದರೆ ಆತನಿಗೆ ನಿಯಮ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಸರಕು ಖಾಲಿ ಮಾಡಿದ್ದಾನೆ.

ನಿಮ್ಮ ಅಣ್ಣ ಮುಂದೆ ಎಲ್ಕ್ ಬೇಟೆಗೂ ಇದೇ ರೈಫಲ್ ಒಯ್ಯುವ ಯೋಚನೆ ಮಾಡಿದರೆ, ಎಲ್ಕ್ ಮತ್ತು ಮೂಸ್ ಎಂಬ ಭಾರಿ ಗಾತ್ರದ ಜಿಂಕೆಗಳಿಗೆ ಕನಿಷ್ಠ 85 ಗ್ರೇನ್ ಬೇಕು ಎಂಬುದು ನೆನಪಿರಲಿ. ಅಲ್ಲಿ 80ರ ತಾಮ್ರವೂ ನಡೆಯುವುದಿಲ್ಲ.

ಇನ್ನೊಂದು ಮಾತು. 1949ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರೆಲ್ಲರೂ ಬೇಟೆ ಶಿಕ್ಷಣದ ತರಬೇತಿ ಮುಗಿಸಿದ ಪತ್ರ ತೋರಿಸದೆ ಇಲ್ಲಿ ಪರವಾನಗಿ ಪಡೆಯಲಾಗದು. ಜಿಂಕೆಯ ರೈಫಲ್ ಪರವಾನಗಿಗಳು ಡ್ರಾ ಮೂಲಕ ಹಂಚಿಕೆಯಾಗುತ್ತವೆ, ಅರ್ಜಿಯ ಗಡುವು ವಸಂತದಲ್ಲೇ ಮುಗಿದುಹೋಗುತ್ತದೆ. ಗುಂಡಿನ ಚಿಂತೆಗಿಂತ ಮೊದಲು ಅದನ್ನು ನೋಡಿಕೊಳ್ಳಿ.

ತೋಟೆಕೋವಿ

ನಾನು ತೀರ್ಥಹಳ್ಳಿ ಕಡೆಯವನು, ಈಗ ಮಲ್ಲೇಶ್ವರದಲ್ಲಿ ಮಗನ ಮನೆಯಲ್ಲಿದ್ದೇನೆ. ಕಾಯ್ದೆ ಬರುವುದಕ್ಕೆ ಮುಂಚೆ ನಮ್ಮ ಮನೆಯಲ್ಲಿ ಲೈಸೆನ್ಸಿನ ತೋಟೆಕೋವಿಯೂ ಇತ್ತು, ಕೇಪಿನ ಕೋವಿಯೂ ಇತ್ತು. ಹಿರಿಯರ ಜೊತೆ ಬೇಟೆಯ ಈಡಿಗೆ ಕೂತವನು ನಾನು. ಆ ಅನುಭವದ ಮೇಲೆ ಹೇಳುತ್ತೇನೆ, ಹಗುರ ಗುಂಡನ್ನು ನಂಬಬೇಡಿ. ಚರೆ, ಅಂದರೆ ಸಣ್ಣ ಸೀಸದ ಗುಂಡುಗಳು, ತಗಲಿದ ಪ್ರಾಣಿ ಓಡಿಹೋಗಿ ಎಲ್ಲೋ ಹಳ್ಳದಲ್ಲಿ ಬಿದ್ದು ಸತ್ತಿದ್ದನ್ನು ಕಂಡಿದ್ದೇನೆ. ಅದೇ ಒಂಟಿ ಗುಂಡು ಹಾಕಿದ ಈಡು ಸರಿಯಾಗಿ ಬಿದ್ದರೆ ಕಡವೆಯೂ ಮುಂದೆ ಹೆಜ್ಜೆ ಇಡುತ್ತಿರಲಿಲ್ಲ. ತೂಕ ಇದ್ದರೆ ತಾನೇ ಮೂಳೆ ಮುರಿಯುವುದು? 100 ಗ್ರೇನ್ ತೆಗೆದುಕೊಳ್ಳಿ ತಾಯಿ, ಸಾಧ್ಯವಾದರೆ ಇನ್ನೂ ದೊಡ್ಡ ರೈಫಲ್ಲನ್ನೇ ಕೇಳಿ.

ಗ್ರೇನ್_ಲೆಕ್ಕ

ಹಿರಿಯರ ಅನುಭವಕ್ಕೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿಗೀರು ಇಲ್ಲದ ಹನ್ನೆರಡು ಬೋರಿನ ಕೋವಿಯ ಲೆಕ್ಕವನ್ನು ಸೆಕೆಂಡಿಗೆ 900 ಮೀಟರ್ ಹಾರುವ ರೈಫಲ್ ಗುಂಡಿಗೆ ಹಾಕಲು ಬರುವುದಿಲ್ಲ.

ಅಂಕಿಗಳನ್ನು ನೋಡೋಣ. 7000 ಗ್ರೇನ್ ಸೇರಿದರೆ ಒಂದು ಪೌಂಡು. ಹಾಗಾಗಿ 58 ಗ್ರೇನ್ ಎಂದರೆ ಸುಮಾರು 3.8 ಗ್ರಾಂ, 80 ಗ್ರೇನ್ 5.2 ಗ್ರಾಂ, 100 ಗ್ರೇನ್ 6.5 ಗ್ರಾಂ. ಮೇಡಂ ಕ್ಲಬ್ಬಿನಲ್ಲಿ ಹೊಡೆಯುವ .22 ಗುಂಡು 40 ಗ್ರೇನ್, ಅಂದರೆ 2.6 ಗ್ರಾಂ. ಕಾರ್ಖಾನೆಯ ಸಾಮಾನ್ಯ 100 ಗ್ರೇನ್ ತೋಟೆ ಸೆಕೆಂಡಿಗೆ ಸುಮಾರು 2960 ಅಡಿ ವೇಗದಲ್ಲಿ ನಳಿಗೆ ಬಿಡುತ್ತದೆ, ಅದರ ಶಕ್ತಿ 1950 ಫುಟ್-ಪೌಂಡಿನ ಆಸುಪಾಸು. 80 ಗ್ರೇನ್ ಗುಂಡು 3300 ಅಡಿ ವೇಗ ದಾಟುವುದರಿಂದ ಅದರ ಶಕ್ತಿಯೂ ಹೆಚ್ಚು ಕಡಿಮೆ ಅಷ್ಟೇ ಬರುತ್ತದೆ. ತೂಕದಲ್ಲಿ ಕಳೆದದ್ದನ್ನು ವೇಗ ತುಂಬಿಕೊಡುತ್ತದೆ, ಏಕೆಂದರೆ ಶಕ್ತಿಯ ಸೂತ್ರದಲ್ಲಿ ವೇಗಕ್ಕೆ ವರ್ಗವಿದೆ, ತೂಕಕ್ಕಿಲ್ಲ. ಆದ್ದರಿಂದ 80 ಮತ್ತು 100ರ ನಡುವೆ ತಲೆ ಕೆಡಿಸಿಕೊಳ್ಳುವಂಥದ್ದೇನೂ ಇಲ್ಲ.

ಹಿಲ್‌ಕಂಟ್ರಿ_ಕನ್ನಡಿಗ

ಲೆಕ್ಕ ಸರಿ, ತೀರ್ಮಾನ ಸರಿಯಲ್ಲ. ಫುಟ್-ಪೌಂಡು ಜಿಂಕೆಯನ್ನು ಕೊಲ್ಲುವುದಿಲ್ಲ. ಗುಂಡು ಎದೆಗೂಡಿನ ಒಳಗೆ ಹೋಗಿ ಏನು ಮಾಡಿತು ಎಂಬುದು ಕೊಲ್ಲುತ್ತದೆ. ನಿಮ್ಮ ಸೂತ್ರದ ಪ್ರಕಾರ 58 ಗ್ರೇನ್ ಗುಂಡಿಗೂ ಸಾಕಷ್ಟು ಶಕ್ತಿ ಇದೆ. ಆದರೆ ಆ ಗುಂಡನ್ನು ಮಾಡಿರುವುದು ಪ್ರೇರಿ ಡಾಗ್, ಕಯೋಟಿಯಂಥ ಸಣ್ಣ ಪ್ರಾಣಿಗಳಿಗೆ. ಅದರ ಮೇಲಿನ ತಾಮ್ರದ ಹೊದಿಕೆ ಬಹಳ ತೆಳು, ಒಳಗಿನ ಸೀಸ ಮೆತ್ತಗೆ. ತಗಲಿದ ತಕ್ಷಣ ಪುಡಿಯಾಗಬೇಕು ಎಂಬುದೇ ಅದರ ವಿನ್ಯಾಸದ ಉದ್ದೇಶ. ಜಿಂಕೆಯ ಹೆಗಲ ಮೂಳೆಗೆ ಬಿದ್ದರೆ ಅಂಗೈ ಅಗಲದ ಮೇಲ್ಗಾಯ ಮಾಡಿ ಅಲ್ಲೇ ಚೂರಾಗುತ್ತದೆ. ಪುಪ್ಪುಸಕ್ಕೆ ಏನೂ ಆಗಿರುವುದಿಲ್ಲ. ಆ ಪ್ರಾಣಿ ಓಡಿಹೋಗಿ ದಿನಗಟ್ಟಲೆ ನರಳುತ್ತದೆ. ತೋಟೆಕೋವಿ ಸರ್ ಚರೆಯ ಬಗ್ಗೆ ಹೇಳಿದ ಕಥೆಯೂ ಇದೇ, ಆದರೆ ಕಾರಣ ತೂಕವಲ್ಲ. ಗುಂಡಿಗೆ ಒಳಹೊಕ್ಕುವ ಬಲವಿಲ್ಲದಿರುವುದು ಕಾರಣ.

ಪೂರ್ತಿ ತಾಮ್ರದ ಗುಂಡಿನ ಕೆಲಸ ಬೇರೆ ರೀತಿಯದು. ಅದರಲ್ಲಿ ಸೀಸವೇ ಇಲ್ಲ, ಹೊದಿಕೆ ಕಳಚಿಕೊಳ್ಳುವ ಪ್ರಶ್ನೆಯೂ ಇಲ್ಲ. ಮೂತಿಯಲ್ಲಿ ಒಂದು ಕುಳಿ ಇರುತ್ತದೆ. ಮಾಂಸಕ್ಕೆ ಹೊಕ್ಕಾಗ ಅಲ್ಲಿನ ಒತ್ತಡಕ್ಕೆ ಕುಳಿಯ ಅಂಚು ನಾಲ್ಕು ಎಸಳಾಗಿ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಎಸಳು ಮುರಿಯದಿದ್ದರೆ ತೂಕ ಬಹುತೇಕ ಹಾಗೇ ಉಳಿಯುತ್ತದೆ.

ನಾನಿರುವುದು ಟೆಕ್ಸಸ್‌ನ ಹಿಲ್ ಕಂಟ್ರಿಯಲ್ಲಿ. ಇಲ್ಲಿ ನಮ್ಮ ಬಂಡೀಪುರದ ಚುಕ್ಕೆ ಜಿಂಕೆಯೇ ಹಿಂಡುಹಿಂಡಾಗಿದೆ. 1932ರ ಸುಮಾರಿಗೆ ಇಲ್ಲಿಗೆ ತಂದು ಬಿಟ್ಟವು, ಈಗ ಸ್ಥಳೀಯ ಜಿಂಕೆಗಳ ಮೇವಿಗೇ ಪೈಪೋಟಿ ಕೊಡುತ್ತಿವೆ. ಹೊರನಾಡಿನ ಪ್ರಾಣಿ ಎಂಬ ಕಾರಣಕ್ಕೆ ಇವುಗಳ ಬೇಟೆಗೆ ಋತುವಿನ ಕಟ್ಟುಪಾಡಿಲ್ಲ. ಹೋದ ಚಳಿಗಾಲ ಗಂಡೊಂದನ್ನು 80 ಗ್ರೇನ್ ತಾಮ್ರದಲ್ಲಿ ಹೊಡೆದೆ. ಅದು ನನ್ನ ಕಡೆಗೆ ಓರೆಯಾಗಿ ನಿಂತಿತ್ತು. ಗುಂಡು ಮುಂಭುಜದ ಮೂಳೆಯನ್ನು ಮುರಿದು, ಎದೆಗೂಡನ್ನು ಉದ್ದಕ್ಕೆ ಸೀಳಿ, ಆಚೆ ಪಕ್ಕೆಯ ಕೊನೆಯಲ್ಲಿ ಚರ್ಮದಡಿ ಗೆಡ್ಡೆಯಂತೆ ಉಬ್ಬಿ ನಿಂತಿತ್ತು. ಚಾಕುವಿನ ತುದಿಯಿಂದ ಬಿಡಿಸಿದಾಗ ನಾಲ್ಕು ಎಸಳೂ ಇದ್ದವು. ಒಂದು ಎಸಳಿನ ತುದಿ ಮಾತ್ರ ಮೂಳೆಗೆ ಉಜ್ಜಿ ಮೊಂಡಾಗಿತ್ತು. ಇದೇ ಕೆಲಸವನ್ನು ಅಗ್ಗದ 100 ಗ್ರೇನ್ ಸಾಫ್ಟ್ ಪಾಯಿಂಟ್ ಮಾಡುತ್ತಿತ್ತೇ ಎಂದರೆ ನನಗೆ ಅನುಮಾನ.

ತೋಟೆಕೋವಿ

ಅನುಮಾನ ನಿಮಗಿರಬಹುದು, ನನಗಿಲ್ಲ. ಸೀಸದ ಗುಂಡು ನೂರಾರು ವರ್ಷಗಳಿಂದ ಜಿಂಕೆ ಹೊಡೆದಿದೆ. ತಾಮ್ರ ನಿನ್ನೆ ಮೊನ್ನೆ ಬಂದದ್ದು.

ಗ್ರೇನ್_ಲೆಕ್ಕ

ನಿನ್ನೆ ಮೊನ್ನೆಯದೇನಲ್ಲ ಸರ್. ಬಾರ್ನ್ಸ್ ಕಂಪನಿಯ ಪೂರ್ತಿ ತಾಮ್ರದ ಗುಂಡು 1980ರ ದಶಕದಲ್ಲೇ ಬಂದಿತು. ಸೀಸದ ಗುಂಡು ಒಡೆದುಹೋಗುತ್ತದೆ ಎಂಬ ದೂರು ಅದಕ್ಕಿಂತಲೂ ಹಳೆಯದು. ಜಾನ್ ನೋಸ್ಲರ್ ಎಂಬ ಅಮೆರಿಕದ ಬೇಟೆಗಾರ 1946ರಲ್ಲಿ ಕೆನಡಾದಲ್ಲಿ ಮೂಸ್ ಒಂದಕ್ಕೆ ಹೊಡೆದ ಗುಂಡುಗಳು ಒಳಹೊಕ್ಕದೆ ಛಿದ್ರವಾದದ್ದನ್ನು ಕಂಡು, ನಡುವೆ ತಾಮ್ರದ ಗೋಡೆ ಇರುವ ಎರಡು ಕೋಣೆಯ ಗುಂಡನ್ನು ತಯಾರಿಸಿದ. ಮುಂದಿನ ಕೋಣೆಯ ಸೀಸ ಅರಳುತ್ತದೆ, ಹಿಂದಿನ ಕೋಣೆ ಗೋಡೆಯ ಆಸರೆಯಿಂದ ಹಾಗೇ ಉಳಿದು ಒಳಕ್ಕೆ ನುಗ್ಗುತ್ತದೆ. ಅದನ್ನು ಪಾರ್ಟಿಷನ್ ಎಂಬ ಹೆಸರಿನಲ್ಲಿ 1948ರಿಂದ ಮಾರುತ್ತಿದ್ದಾರೆ. .243ಕ್ಕೂ ಅದು ಸಿಗುತ್ತದೆ.

ಹಿಲ್‌ಕಂಟ್ರಿ ಅವರು ಹೇಳಿದ ರಚನೆಯ ಮಾತನ್ನು ಒಪ್ಪುತ್ತೇನೆ. ಆದರೆ ಅಂಕಿಯಿಂದಲೂ ಅದು ಕಾಣುತ್ತದೆ. ಗುಂಡಿನ ತೂಕವನ್ನು ಪೌಂಡಿನಲ್ಲಿ ಬರೆದು, ಇಂಚಿನಲ್ಲಿರುವ ವ್ಯಾಸದ ವರ್ಗದಿಂದ ಭಾಗಿಸಿದರೆ ಬರುವ ಅಂಕಿಯನ್ನು ಸೆಕ್ಷನಲ್ ಡೆನ್ಸಿಟಿ ಎನ್ನುತ್ತಾರೆ. ಅದು ಹೆಚ್ಚಿದ್ದಷ್ಟೂ ಗುಂಡು ಆಳಕ್ಕೆ ಹೋಗುತ್ತದೆ ಎಂಬುದು ಸಾಮಾನ್ಯ ಲೆಕ್ಕಾಚಾರ. .243ರ 100 ಗ್ರೇನ್‌ಗೆ 0.242, ಅದೇ ಬೋರಿನ 80 ಗ್ರೇನ್‌ಗೆ 0.194. .308 ರೈಫಲ್ಲಿನ 150 ಗ್ರೇನ್ ಗುಂಡಿಗೆ 0.226 ಮಾತ್ರ. ಅಂದರೆ ಒಂದೂವರೆ ಪಟ್ಟು ತೂಕದ ಗುಂಡಿಗಿಂತ .243ರ 100 ಗ್ರೇನ್‌ದೇ ಹೆಚ್ಚು. ಬರೀ ತೂಕ ಕೇಳಿ ಹಗುರ, ಭಾರ ಎಂದು ಹೇಳುವುದರಲ್ಲಿ ಅರ್ಥವಿಲ್ಲ. ಆದರೆ ಈ ಅಂಕಿ ಗುಂಡು ತಗಲುವ ಮುಂಚಿನದು. 100 ಗ್ರೇನ್ ಸಾಫ್ಟ್ ಪಾಯಿಂಟ್ ಮೂಳೆಗೆ ಬಿದ್ದು ಮೂರನೇ ಒಂದು ಭಾಗ ಕಳೆದುಕೊಂಡರೆ ಒಳಗೆ ಓಡುವುದು 67 ಗ್ರೇನ್. ತಾಮ್ರ ಮಾತ್ರ 80ರಲ್ಲಿ ಬಹುತೇಕ ಎಲ್ಲವನ್ನೂ ಉಳಿಸಿಕೊಂಡಿರುತ್ತದೆ.

ಅಬರ್ಡೀನ್_ಆಚೆ

ನಾನು ಸ್ಕಾಟ್ಲೆಂಡಿನಲ್ಲಿದ್ದೇನೆ. ಈ ವಾದವನ್ನು ಇಲ್ಲಿಯ ಸರ್ಕಾರವೇ ಇತ್ಯರ್ಥ ಮಾಡಿದೆ ಎಂದರೆ ತಪ್ಪಿಲ್ಲ. ರೋ ಡೀರ್ ಎಂಬ ಸಣ್ಣ ಜಿಂಕೆಗೆ 50 ಗ್ರೇನ್ ಗುಂಡು ಮೊದಲಿನಿಂದಲೂ ನಡೆಯುತ್ತಿತ್ತು. ಕೆಂಪು ಜಿಂಕೆಯಂಥ ದೊಡ್ಡವುಗಳಿಗೆ 100 ಗ್ರೇನ್ ಕಡ್ಡಾಯವಾಗಿತ್ತು. ತಾಮ್ರವು ಸೀಸಕ್ಕಿಂತ ಹಗುರ ಲೋಹವಾದ್ದರಿಂದ .243ರಲ್ಲಿ 100 ಗ್ರೇನ್ ತಾಮ್ರದ ಗುಂಡು ಮಾಡಿದರೆ ಅದು ವಿಪರೀತ ಉದ್ದವಾಗಿ, ಮಾಮೂಲಿ ನಳಿಗೆಯಲ್ಲಿ ಸ್ಥಿರವಾಗಿ ತಿರುಗುವುದಿಲ್ಲ. ಹೀಗಾಗಿ ಸೀಸ ಬಿಡಬೇಕೆಂದಿದ್ದ .243 ಮಾಲೀಕರಿಗೆ ದಾರಿಯೇ ಇರಲಿಲ್ಲ. 2023ರಲ್ಲಿ ನಿಯಮ ತಿದ್ದಿ ಆ ಮಿತಿಯನ್ನು 80 ಗ್ರೇನ್‌ಗೆ ಇಳಿಸಿದರು. ಇಂಗ್ಲೆಂಡಿನ ಕಾನೂನು ದೊಡ್ಡ ಜಿಂಕೆಗಳಿಗೆ ಗುಂಡಿನ ತೂಕವನ್ನೇ ಕೇಳುವುದಿಲ್ಲ, .240 ಇಂಚಿನ ಬೋರು ಮತ್ತು ನಳಿಗೆಯ ಬಾಯಲ್ಲಿ 1700 ಫುಟ್-ಪೌಂಡ್ ಇದ್ದರೆ ಆಯಿತು.

ಪೆಲೆಟ್_ಪಟು

ಉದ್ದವಾದರೆ ಏಕೆ ಸ್ಥಿರವಾಗಿ ತಿರುಗುವುದಿಲ್ಲ? ನಾನು 10 ಮೀಟರ್ ಏರ್ ರೈಫಲ್ಲಿನವನು, ಅರ್ಧ ಗ್ರಾಂ ಪೆಲೆಟ್ಟಿನ ಆಚೆಗೆ ನನ್ನ ಜ್ಞಾನ ಇಲ್ಲ. ಯಾರಾದರೂ ಬಿಡಿಸಿ ಹೇಳಿದರೆ ಉಪಕಾರ.

ಗ್ರೇನ್_ಲೆಕ್ಕ

ಗುಂಡಿನ ಉದ್ದ ಹೆಚ್ಚಿದಷ್ಟೂ ಅದನ್ನು ಮೂತಿ ಮುಂದಾಗಿ ಹಾರಿಸಲು ಹೆಚ್ಚು ವೇಗದ ತಿರುಗು ಬೇಕು. ನಳಿಗೆಯ ಸುರುಳಿಗೀರು ಎಷ್ಟು ಇಂಚಿಗೆ ಒಂದು ಸುತ್ತು ಬರುತ್ತದೆ ಎಂಬುದರ ಮೇಲೆ ಆ ತಿರುಗು ನಿಲ್ಲುತ್ತದೆ. .243 ರೈಫಲ್‌ಗಳಲ್ಲಿ ಸಾಮಾನ್ಯವಾಗಿ 10 ಇಂಚಿಗೊಂದು ಸುತ್ತು. ಸೀಸದ ಸಾಂದ್ರತೆ 11.3, ತಾಮ್ರದ್ದು 8.96. ಆದ್ದರಿಂದ ಅದೇ ತೂಕಕ್ಕೆ ತಾಮ್ರದ ಗುಂಡು ಉದ್ದವಾಗಲೇಬೇಕು. 80 ಗ್ರೇನ್ ತಾಮ್ರ ಈ ನಳಿಗೆಗೆ ಹೊಂದುತ್ತದೆ, 100 ಹೊಂದುವುದಿಲ್ಲ. ತಿರುಗು ಸಾಲದೆ ಹೋದರೆ ಗುಂಡು ಓಲಾಡುತ್ತಾ ಹೋಗಿ ಕಾಗದದಲ್ಲಿ ದುಂಡನೆಯ ತೂತಿನ ಬದಲು ಕೀಲಿಕೈ ಕಂಡಿಯಂಥ ತೂತು ಮಾಡುತ್ತದೆ. ಡೆನ್ವರ್ ಸಮುದ್ರಮಟ್ಟದಿಂದ 1600 ಮೀಟರ್ ಎತ್ತರದಲ್ಲಿದೆ, ನಮ್ಮ ಬೆಂಗಳೂರು 900 ಚಿಲ್ಲರೆ. ತೆಳುಗಾಳಿಯಲ್ಲಿ ಗುಂಡಿನ ಸ್ಥಿರತೆ ಸ್ವಲ್ಪ ಹೆಚ್ಚೇ ಆಗುತ್ತದೆ. ಅದು ಮೇಡಂ ಪಾಲಿಗೆ ಅನುಕೂಲ.

ಮಡಿಕೇರಿ_ಮಂಜು

ನಮ್ಮ ಕೊಡಗಿನಲ್ಲಿ ಮನೆಮನೆಯಲ್ಲಿ ಕೋವಿ ಇದೆ. ಆಯುಧ ಪೂಜಿಸುವ ಕೈಲ್ ಪೊಳ್ದ್ ಹಬ್ಬದ ದಿನ ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುತ್ತೇವೆ. ಬೇಟೆ ನಿಂತು ಐವತ್ತು ವರ್ಷ ದಾಟಿದೆ. ತೆಂಗಿನಕಾಯಿ ಸ್ಪರ್ಧೆಯಲ್ಲಿ ನಾನು ಕಂಡಿದ್ದೇನೆಂದರೆ, ಒದೆಯುವ ಕೋವಿ ಹಿಡಿದವರು ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾರೆ. ಮೇಡಂ .22 ಹೊಡೆದು ರೂಢಿಯಾದವರು. ಅವರಿಗೆ ದೊಡ್ಡ ರೈಫಲ್ ಕೇಳಿ ಎಂದು ಹೇಳುವುದು ಸರಿಯಲ್ಲ ತೋಟೆಕೋವಿ ಅಂಕಲ್. ಭಾರದ ಗುಂಡು ಹೊಟ್ಟೆಗೆ ತಗಲುವುದಕ್ಕಿಂತ ಹಗುರ ಗುಂಡು ಪುಪ್ಪುಸಕ್ಕೆ ತಗಲುವುದು ಲೇಸಲ್ಲವೇ?

ತೋಟೆಕೋವಿ

ಆ ಮಾತು ಒಪ್ಪಿದೆ. ಆದರೆ ಕಾಡಿನಲ್ಲಿ ಪೊದೆ, ಕಡ್ಡಿ ಇರುತ್ತದಲ್ಲ? ಹಗುರ ಗುಂಡು ಒಂದು ಕಡ್ಡಿಗೆ ತಾಗಿದರೂ ದಾರಿ ತಪ್ಪುತ್ತದೆ, ಭಾರದ್ದು ಕಡ್ಡಿ ಮುರಿದುಕೊಂಡು ನೇರ ಹೋಗುತ್ತದೆ.

ಹಿಲ್‌ಕಂಟ್ರಿ_ಕನ್ನಡಿಗ

ಇದು ಇಲ್ಲಿಯ ಹಳೆ ಬೇಟೆಗಾರರೂ ಹೇಳುವ ಮಾತು, ಆದರೆ ಪರೀಕ್ಷೆಗೆ ನಿಂತಿಲ್ಲ. ಕಡ್ಡಿಗಳ ಸಾಲು ನಿಲ್ಲಿಸಿ ಹೊಡೆದು ನೋಡಿದವರೆಲ್ಲ ಕಂಡದ್ದು ಒಂದೇ, ಭಾರದ ಗುಂಡೂ ದಾರಿ ತಪ್ಪುತ್ತದೆ. ಪೊದೆಯ ನಡುವೆ ಬಿಡುವು ಕಾಣದಿದ್ದರೆ ಹೊಡೆಯಬಾರದು, ಅಷ್ಟೇ. ಮೇಲಾಗಿ ಮ್ಯೂಲ್ ಡೀರ್ ಇರುವ ಕೊಲೊರಾಡೊದ ಸೇಜ್ ಕುರುಚಲಿನ ಬಯಲುಗಳಲ್ಲಿ ಮಲೆನಾಡಿನ ಪೊದೆ ಸಿಗುವುದಿಲ್ಲ. ಅಲ್ಲಿ ತೊಂದರೆ ಕೊಡುವುದು ದೂರ ಮತ್ತು ಗಾಳಿ.

ದೂರದ ಮಾತು ಬಂದದ್ದರಿಂದ ತಾಮ್ರದ ಒಂದು ಕೊರತೆಯನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನು ಅದರ ಮಾರಾಟಕ್ಕೆ ನಿಂತಂತೆ ಕಾಣುತ್ತದೆ. ತಾಮ್ರ ಗಡಸು. ಎಸಳು ಬಿಚ್ಚಲು ಅದಕ್ಕೆ ವೇಗ ಬೇಕು. ಸೆಕೆಂಡಿಗೆ 1800ರಿಂದ 2000 ಅಡಿಗಿಂತ ಕೆಳಗಿಳಿದರೆ ಅದು ಅರಳದೆ ದಬ್ಬಣದಂತೆ ತೂರಿಹೋಗಬಹುದು. ಆಗ ಗಾಯ ಕಿರಿದು, ರಕ್ತದ ಜಾಡು ಕಡಿಮೆ, ಹುಡುಕಾಟ ದೀರ್ಘ. ಮೆತ್ತನೆಯ ಸೀಸ ಅದಕ್ಕಿಂತ ಕಡಿಮೆ ವೇಗದಲ್ಲೂ ಅರಳುತ್ತದೆ. ಅದಕ್ಕೇ ತಾಮ್ರದಲ್ಲಿ ಹಗುರ ಗುಂಡನ್ನೇ ಆರಿಸಿ ವೇಗ ಉಳಿಸಿಕೊಳ್ಳುವುದು ಜಾಣತನ. ಹಗುರ ಗುಂಡು ಗಾಳಿಯಲ್ಲಿ ವೇಗ ಬೇಗ ಕಳೆದುಕೊಳ್ಳುತ್ತದೆ, ಅಡ್ಡಗಾಳಿಗೆ ಹೆಚ್ಚು ಜರುಗುತ್ತದೆ ಎಂಬುದೂ ನಿಜ. ಮೇಡಂ, ಮೊದಲ ವರ್ಷ 200 ಗಜದ ಆಚೆಗೆ ಹೊಡೆಯುವುದಿಲ್ಲ ಎಂದು ನಿರ್ಧರಿಸಿಬಿಡಿ. ಅಷ್ಟರೊಳಗೆ ಈ ತೊಡಕುಗಳು ಯಾವುವೂ ನಿಮ್ಮನ್ನು ಕಾಡುವುದಿಲ್ಲ.

ಹೆಬ್ಬಾಳದ_ಪಶುವೈದ್ಯ

ತೂಕ, ವೇಗ ಎಲ್ಲ ಆಯಿತು. ಆ ಮಾಂಸವನ್ನು ತಿನ್ನುವವರ ಬಗ್ಗೆ ಯಾರೂ ಮಾತನಾಡಿಲ್ಲ. ಸೀಸದ ಗುಂಡು ಅರಳುವಾಗ ಕಣ್ಣಿಗೆ ಕಾಣದ ಚೂರುಗಳು ಗಾಯದ ದಾರಿಯಿಂದ ಸಾಕಷ್ಟು ದೂರಕ್ಕೆ ಚದುರುತ್ತವೆ. ಎಕ್ಸ್‌ರೇ ತೆಗೆದರೆ ಹಿಮ ಸುರಿದಂತೆ ಬಿಳಿ ಚುಕ್ಕೆಗಳು ಕಾಣುತ್ತವೆ. ಗಾಯದ ಸುತ್ತಲಿನ ಮಾಂಸವನ್ನು ಕೊಯ್ದು ಎಸೆದರೂ ಎಲ್ಲ ಹೋಗುವುದಿಲ್ಲ. 2008ರಲ್ಲಿ ನಾರ್ತ್ ಡಕೋಟದಲ್ಲಿ ಬಡವರಿಗೆಂದು ದಾನವಾಗಿ ಬಂದಿದ್ದ ಜಿಂಕೆ ಮಾಂಸದಲ್ಲಿ ಸೀಸದ ಚೂರುಗಳು ಸಿಕ್ಕಿ ಅದನ್ನು ಬಳಸದಂತೆ ಸೂಚಿಸಿದರು. ಅನಂತರ ಅಲ್ಲಿನ 700ಕ್ಕೂ ಹೆಚ್ಚು ಜನರ ರಕ್ತ ಪರೀಕ್ಷಿಸಿದಾಗ, ಬೇಟೆ ಮಾಂಸ ತಿನ್ನುವವರಲ್ಲಿ ಸೀಸದ ಪ್ರಮಾಣ ತಿನ್ನದವರಿಗಿಂತ ಹೆಚ್ಚಿತ್ತು. ಗರ್ಭಿಣಿಯರು ಮತ್ತು ಪುಟ್ಟ ಮಕ್ಕಳು ಸೀಸದ ಗುಂಡಿನಿಂದ ಹೊಡೆದ ಮಾಂಸ ತಿನ್ನಬಾರದೆಂದು ಸಲಹೆ ಕೊಟ್ಟರು.

ಕರುಳು, ಹೊಟ್ಟೆಯನ್ನು ಕಾಡಿನಲ್ಲೇ ಬಿಟ್ಟುಬಂದರೆ ಅದನ್ನು ತಿನ್ನುವ ಹದ್ದುಗಳಿಗೂ ವಿಷವಾಗುತ್ತದೆ. ಕ್ಯಾಲಿಫೋರ್ನಿಯದಲ್ಲಿ ಕಾಂಡೋರ್ ಎಂಬ ರಣಹದ್ದು ಇದರಿಂದಲೇ ಸಾಯುತ್ತಿತ್ತು. 2019ರ ಜುಲೈನಿಂದ ಆ ರಾಜ್ಯದಲ್ಲಿ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿದ್ದಾರೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧದಿಂದ ನಮ್ಮ ರಣಹದ್ದುಗಳು ಅಳಿದದ್ದನ್ನು ಕಂಡ ನಾವು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಡೆನ್ವರ್_ದೋಸೆ

ಡಾಕ್ಟರ್ ಸಾಹೇಬರೇ, ಕೊಲೊರಾಡೊದಲ್ಲಿ ಜಿಂಕೆಗೆ ಸೀಸದ ಗುಂಡು ಇಂದಿಗೂ ಕಾನೂನುಬದ್ಧ. ತಾಮ್ರದ ತೋಟೆ ಸೀಸದ್ದಕ್ಕಿಂತ ಸಾಕಷ್ಟು ದುಬಾರಿ. ಎಲ್ಲರೂ ತಾಮ್ರವನ್ನೇ ಕೊಳ್ಳಲಿ ಎಂದು ಹೇಳುವುದು ಸುಲಭ. ಮನೆ ಮಂದಿಗೆಲ್ಲ ವರ್ಷವಿಡೀ ಜಿಂಕೆ ಮಾಂಸವನ್ನೇ ನಂಬಿಕೊಂಡಿರುವ ಹಳ್ಳಿಯ ಕುಟುಂಬಗಳಿಗೆ ಆ ವೆಚ್ಚ ಸಣ್ಣದಲ್ಲ.

ಹೆಬ್ಬಾಳದ_ಪಶುವೈದ್ಯ

ವರ್ಷವಿಡೀ ಅದನ್ನೇ ತಿನ್ನುವ ಕುಟುಂಬಕ್ಕೇ ಅಪಾಯ ಹೆಚ್ಚು ಎಂಬುದನ್ನು ನೀವೇ ಹೇಳಿದಂತಾಯಿತು. ಒಂದು ಋತುವಿನಲ್ಲಿ ಜಿಂಕೆಯ ಮೇಲೆ ಬಳಕೆಯಾಗುವುದು ಒಂದೋ ಎರಡೋ ತೋಟೆ. ಅಭ್ಯಾಸಕ್ಕೆ ಅಗ್ಗದ್ದನ್ನು ಹೊಡೆಯಲಿ, ಬೇಡ ಎನ್ನುವವರಾರು?

ಹಿಲ್‌ಕಂಟ್ರಿ_ಕನ್ನಡಿಗ

ಅಭ್ಯಾಸಕ್ಕೆ ಅಗ್ಗದ್ದು ಎಂಬುದಕ್ಕೆ ಒಂದು ತಿದ್ದುಪಡಿ ಬೇಕು. ಬೇರೆ ಗುಂಡು ಹಾಕಿದರೆ ಅದು ಬೀಳುವ ಜಾಗವೂ ಬೇರೆಯಾಗುತ್ತದೆ. 100 ಗ್ರೇನ್ ಸೀಸಕ್ಕೆ ಹೊಂದಿಸಿದ ದುರ್ಬೀನಿನಲ್ಲಿ 80 ಗ್ರೇನ್ ತಾಮ್ರ ಹೊಡೆದರೆ ನೂರು ಗಜಕ್ಕೇ ಒಂದೆರಡು ಇಂಚು ಅತ್ತಿತ್ತ ಆಗುವುದುಂಟು. ಕೈ ಪಳಗುವುದಕ್ಕೆ ಅಗ್ಗದ್ದು ಸರಿ. ಆದರೆ ಬೇಟೆಗೆ ಹೊರಡುವ ಮುನ್ನ ಅದೇ ಪೆಟ್ಟಿಗೆಯ ತೋಟೆಯಿಂದ ಗುರಿ ಹೊಂದಿಸಿಕೊಳ್ಳಲೇಬೇಕು. ಅದಕ್ಕೆಂದು ಕೆಲವು ದುಬಾರಿ ತೋಟೆಗಳು ಕಾಗದದ ಮೇಲೆ ಹೋಗುತ್ತವೆ.

ಮಡಿಕೇರಿ_ಮಂಜು

ಮಾಂಸದ ಮಾತು ಬಂತು ಎಂದು ಕೇಳುತ್ತಿದ್ದೇನೆ. ವೇಗದ ಹಗುರ ಗುಂಡಿನಿಂದ ಮಾಂಸ ಹೆಚ್ಚು ಹಾಳಾಗುತ್ತದೆಯೇ? ನಮ್ಮ ಅಜ್ಜಿ ಹೆಪ್ಪುಗಟ್ಟಿದ ರಕ್ತದ ತುಂಡನ್ನು ಸಾರಿಗೆ ಹಾಕಲು ಬಿಡುತ್ತಿರಲಿಲ್ಲವಂತೆ.

ಡೆನ್ವರ್_ದೋಸೆ

ಅಜ್ಜಿಯವರು ಸರಿಯಾಗಿಯೇ ಹೇಳಿದ್ದಾರೆ. 3000 ಅಡಿಗೂ ಮೀರಿದ ವೇಗದಲ್ಲಿ ಮೆತ್ತನೆಯ ಗುಂಡು ಹೆಗಲಿಗೆ ಬಿದ್ದರೆ ಆ ಭಾಗವೆಲ್ಲ ಜೆಲ್ಲಿಯಂತಾಗಿ ಎಸೆಯಬೇಕಾಗುತ್ತದೆ. ಮುಂಗಾಲಿನ ಹಿಂದೆ, ಪಕ್ಕೆಲುಬಿನ ನಡುವೆ ಹೊಡೆದರೆ ಹಾಳಾಗುವುದು ಪಕ್ಕೆಯ ತೆಳುಮಾಂಸ ಮಾತ್ರ. ತಾಮ್ರ ಚೂರಾಗದ ಕಾರಣ ನಷ್ಟ ಇನ್ನೂ ಕಡಿಮೆ.

ನಿಶಾನೆ_ರಾಜಾಜಿನಗರ

ಇಷ್ಟೊಂದು ವಿವರವಾಗಿ ಬರೆದ ಎಲ್ಲರಿಗೂ ವಂದನೆಗಳು. ಅಣ್ಣನಿಗೆ ಈ ಎಳೆಯನ್ನು ಕಳಿಸಿದೆ. ಕಯೋಟಿ ಹೊಡೆಯುವ ಪಕ್ಕದ ಮನೆಯವರಿಗೆ 58 ಗ್ರೇನ್ ಪೆಟ್ಟಿಗೆಯನ್ನು ಕೊಟ್ಟುಬಿಟ್ಟರಂತೆ. ನಾನು 80 ಗ್ರೇನ್ ತಾಮ್ರವನ್ನೇ ಆರಿಸಿಕೊಳ್ಳುತ್ತೇನೆ, 200 ಗಜದ ಮಿತಿಯನ್ನೂ ಪಾಲಿಸುತ್ತೇನೆ. ಇನ್ನು ಎರಡು ಸಂದೇಹಗಳಿವೆ. ನಾನು ಕೆಲಸದ ವೀಸಾದ ಮೇಲೆ ಹೋಗುವವಳು, ರೈಫಲ್ ಮುಟ್ಟುವುದಕ್ಕೆ ಅಡ್ಡಿಯಿಲ್ಲವೇ? ಮತ್ತು ಪ್ರಾಣಿ ಹೇಗೆ ನಿಂತಾಗ ಹೊಡೆಯಬೇಕು?

ಡೆನ್ವರ್_ದೋಸೆ

ಮೊದಲನೆಯದು ಬಹಳ ಮುಖ್ಯ. ಕೆಲಸದ ವೀಸಾ, ಪ್ರವಾಸಿ ವೀಸಾಗಳ ಮೇಲೆ ಬಂದವರು ಬಂದೂಕನ್ನಾಗಲೀ ತೋಟೆಯನ್ನಾಗಲೀ ಇಟ್ಟುಕೊಳ್ಳುವುದು ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಇಲ್ಲಿನ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಹೊಂದಿರುವುದು. ಪರವಾನಗಿ ಕೈಗೆ ಬರುವವರೆಗೆ ಅಣ್ಣನ ರೈಫಲ್ಲನ್ನು ಅಭ್ಯಾಸಕ್ಕೂ ಮುಟ್ಟಬೇಡಿ. ವೀಸಾ ವಿಷಯ ನೋಡಿಕೊಳ್ಳುವ ವಕೀಲರಿಂದ ಬರಹದಲ್ಲಿ ಒಂದು ಉತ್ತರ ಪಡೆದಿಟ್ಟುಕೊಂಡರೆ ಒಳ್ಳೆಯದು. ಬೇಟೆಯ ದಿನ ಮೈಮೇಲೆ ಕನಿಷ್ಠ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಬಟ್ಟೆ ಇರಬೇಕು, ಅದೇ ಬಣ್ಣದ ಟೋಪಿಯೂ ಬೇಕು.

ಹಿಲ್‌ಕಂಟ್ರಿ_ಕನ್ನಡಿಗ

ಎರಡನೆಯದಕ್ಕೆ ಉತ್ತರ. ಪ್ರಾಣಿ ಪೂರ್ತಿ ಅಡ್ಡಲಾಗಿ ನಿಂತಿರುವಾಗ, ಮುಂಗಾಲಿನ ಹಿಂಬದಿಯ ಗೆರೆಯನ್ನೇ ಮೇಲಕ್ಕೆ ಹಿಡಿದು, ಎದೆಯ ಕೆಳಗಿನಿಂದ ಮೂರನೇ ಒಂದು ಭಾಗದಷ್ಟು ಎತ್ತರದ ಜಾಗಕ್ಕೆ ಗುರಿ ಇಡಿ. ಅಲ್ಲಿ ಎರಡೂ ಪುಪ್ಪುಸಗಳಿವೆ, ಹೃದಯದ ಮೇಲ್ಭಾಗವಿದೆ. ಆ ಕಡೆಗೆ ಓರೆಯಾಗಿ ನಿಂತಿದ್ದರೆ ಗುಂಡು ಆಚೆಯ ಮುಂಗಾಲಿನ ಬಳಿ ಹೊರಬರುವಂತೆ ಎಣಿಸಿಕೊಂಡು ಹೊಡೆಯಬೇಕು. ಎದುರಿಗೆ ನಿಂತಿದ್ದರೆ, ಬೆನ್ನು ತಿರುಗಿಸಿ ಓಡುತ್ತಿದ್ದರೆ ರೈಫಲ್ ಕೆಳಗಿಳಿಸಿ. ನಾನು ಓರೆಯಾಗಿ ನಿಂತ ಚುಕ್ಕೆ ಜಿಂಕೆಗೆ ಹೊಡೆದೆ ಎಂದೆನಲ್ಲ, ಅದನ್ನು ಮೊದಲ ಸಲದವರು ಅನುಕರಿಸಬಾರದು.

ತೋಟೆಕೋವಿ

ಈ ಉತ್ತರಕ್ಕೆ ನನ್ನದೇನೂ ತಕರಾರಿಲ್ಲ. ಹೊಡೆದ ಮೇಲೆ ಕೂಡಲೇ ಹಿಂದೆ ಓಡಬೇಡಿ ತಾಯಿ. ಇದ್ದಲ್ಲೇ ಅರ್ಧ ಗಂಟೆ ಕೂತಿರಿ, ಅದು ಎಲ್ಲಿ ನಿಂತಿತ್ತು ಎಂಬುದನ್ನು ಒಂದು ಮರದ ಗುರುತು ಇಟ್ಟುಕೊಂಡು ನೆನಪಿಡಿ. ಬೆನ್ನಟ್ಟಿದರೆ ಗಾಯವಾದ ಪ್ರಾಣಿ ಇದ್ದ ಬಲವನ್ನೆಲ್ಲ ಕೂಡಿಸಿ ಓಡುತ್ತದೆ. ಬಿಟ್ಟರೆ ಹತ್ತಿರದಲ್ಲೇ ಮಲಗುತ್ತದೆ. ಅದಕ್ಕೆ ತಾಮ್ರವಾದರೇನು, ಸೀಸವಾದರೇನು. ಆದರೂ ನನ್ನ ಓಟು 100 ಗ್ರೇನ್‌ಗೇ.

ಕಾಡುಪಾಪ

ನನ್ನ ಆಕ್ಷೇಪ ಹಾಗೇ ಇದೆ. ಆದರೆ ಸೀಸದ ಮತ್ತು ರಣಹದ್ದಿನ ವಿಷಯ ತಿಳಿದದ್ದು ಒಳ್ಳೆಯದಾಯಿತು. ತಾಮ್ರದ ಗುಂಡಿನಿಂದ ಹದ್ದುಗಳಿಗೆ ಏನೂ ಆಗುವುದಿಲ್ಲವೇ?

ಹೆಬ್ಬಾಳದ_ಪಶುವೈದ್ಯ

ತಾಮ್ರದ ಗುಂಡು ಒಡೆದು ಚದುರುವುದು ತೀರಾ ಕಡಿಮೆ, ಚದುರಿದ ತುಣುಕೂ ಸೀಸದಷ್ಟು ವಿಷಕಾರಿಯಲ್ಲ. ಇಂದಿನ ತಿಳಿವಳಿಕೆಯಲ್ಲಿ ಹದ್ದುಗಳಿಗೆ ಅದೇ ಸುರಕ್ಷಿತ ಆಯ್ಕೆ.

ಪೆಲೆಟ್_ಪಟು

ಮೇಡಂ, ವಾಪಸು ಬರುವಾಗ ಬ್ಯಾಗು, ಜಾಕೆಟ್ಟಿನ ಜೇಬುಗಳನ್ನು ಮೂರು ಸಲ ಜಾಲಾಡಿ. ಮರೆತು ಉಳಿದ ಒಂದೇ ಒಂದು ಜೀವಂತ ತೋಟೆ ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಕಂಡರೂ ಶಸ್ತ್ರಾಸ್ತ್ರ ಕಾಯ್ದೆಯಡಿ ಪೊಲೀಸು, ಕೋರ್ಟು ಎಂದು ಅಲೆಯಬೇಕಾಗುತ್ತದೆ. ನೆನಪಿಗೆಂದು ಖಾಲಿ ಹಿತ್ತಾಳೆ ಕೇಸನ್ನೂ ತರುವುದು ಬೇಡ.

ಗ್ರೇನ್_ಲೆಕ್ಕ

ಒಂದು ಸಣ್ಣ ಸಂಗತಿ ಬಿಟ್ಟುಹೋಗಿತ್ತು. ಅಣ್ಣ ಆ ರೈಫಲ್ಲಿನಲ್ಲಿ ಇದುವರೆಗೆ ತಾಮ್ರದ ಹೊದಿಕೆಯ ಸೀಸದ ಗುಂಡು ಹೊಡೆದಿದ್ದರೆ, ತಾಮ್ರಕ್ಕೆ ಬದಲಾಯಿಸುವ ಮೊದಲು ತಾಮ್ರದ ಕಲೆ ಕರಗಿಸುವ ದ್ರಾವಣ ಹಾಕಿ ನಳಿಗೆಯನ್ನು ಪೂರ್ತಿ ಉಜ್ಜಿ ತೊಳೆಯಲು ಹೇಳಿ. ಬಟ್ಟೆಯ ತುಂಡಿನ ಮೇಲೆ ನೀಲಿ ಬಣ್ಣ ಬರುವುದು ನಿಲ್ಲುವವರೆಗೂ ಉಜ್ಜಬೇಕು. ಹಳೆಯ ಹೊದಿಕೆಯ ಲೇಪದ ಮೇಲೆಯೇ ಹೊಸ ಗುಂಡು ಹೊಡೆದರೆ ತೂತುಗಳ ಗುಂಪು ಚದುರುತ್ತದೆ, ಆಗ ಜನ ಗುಂಡನ್ನು ಬೈಯುತ್ತಾರೆ.

ನಿಶಾನೆ_ರಾಜಾಜಿನಗರ

ಈಗಷ್ಟೇ ಫೋನು ಮಾಡಿದ್ದೆ. ನಳಿಗೆಯ ಮೇಲೆ 10 ಇಂಚಿಗೊಂದು ಸುತ್ತು ಎಂದೇ ಕೆತ್ತಿದೆಯಂತೆ, ಶನಿವಾರ ಉಜ್ಜುತ್ತಾರಂತೆ. ಪರವಾನಗಿಯ ಅರ್ಜಿಯನ್ನು ಈ ವಾರವೇ ಹಾಕುತ್ತೇನೆ.